ದೀಪದಕ್ಕ ನೋಡಿ ಬಿಟ್ಟ ಬಾಟಲಿ

ಸಂಬಳದ ಪಟ್ಟಿಯಲ್ಲಿ ಅವರಿಗೊಂದು ಹೆಸರಿತ್ತು. ಅದನ್ನು ಯಾರೂ ಬಳಸುತ್ತಿರಲಿಲ್ಲ. ಇಡೀ ದಿನ ದೀಪದ ಮುಂದೆ ಕೂರುವ ಕೆಲಸವಾದ್ದರಿಂದ ಮ್ಯಾನೇಜರರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವರು ದೀಪದಕ್ಕ. ತೀರಿಕೊಂಡು ಇವತ್ತಿಗೆ ಇಪ್ಪತ್ತು ದಿನ. ಅವರ ಬಗ್ಗೆ ನಾಲ್ಕು ಮಾತು ಬರೆಯೋಣವೆಂದು ಕೂತರೆ, ಮೊದಲು ನನ್ನದೇ ಒಂದು ವಿಷಯ ಹೇಳಿಕೊಳ್ಳಬೇಕಾಗಿದೆ. ನನ್ನ ಹೆಂಡತಿ ಎಂಟು ವರ್ಷ ಅವರ ಜೊತೆ ಮಾತು ಬಿಟ್ಟಿದ್ದಳು. ಅದನ್ನು ಸರಿಮಾಡಬಹುದಾಗಿದ್ದ ಒಂದು ಮಾತು ನನ್ನ ಹತ್ತಿರ ಇತ್ತು. ನಾನು ಅದನ್ನು ನುಂಗಿಕೊಂಡು ಕೂತೆ.

ನಮ್ಮದು ತಂಪು ಪಾನೀಯ ತುಂಬಿಸುವ ಕಾರ್ಖಾನೆ. ಆಗ ಎಲ್ಲ ಗಾಜಿನ ಬಾಟಲಿ. ಬೆಳಿಗ್ಗೆ ತುಂಬಿದ ಬಾಟಲಿ ಹೊತ್ತು ಹೋದ ಲಾರಿ ಸಂಜೆ ಖಾಲಿ ಬಾಟಲಿ ಹೊತ್ತು ಮರಳುತ್ತಿತ್ತು. ಕುಡಿದ ಜನ ಬಾಟಲಿಯನ್ನು ಸುಮ್ಮನೆ ವಾಪಸ್ ಕೊಡುತ್ತಾರೆಯೇ? ಸಿಗರೇಟಿನ ತುಂಡು ತುರುಕಿರುತ್ತಿದ್ದರು, ಸ್ಟ್ರಾ ಮಡಚಿ ಒಳಗೆ ತಳ್ಳಿರುತ್ತಿದ್ದರು, ಕೆಲವು ಬುದ್ಧಿವಂತರು ವರ್ಷಗಟ್ಟಲೆ ಸೀಮೆಎಣ್ಣೆ ತುಂಬಿಟ್ಟುಕೊಂಡು ಆಮೇಲೆ ತಂದುಕೊಡುತ್ತಿದ್ದರು. ಅವೆಲ್ಲ ಬಿಸಿ ಕಾಸ್ಟಿಕ್ ಸೋಡಾದ ನೀರಿನಲ್ಲಿ ನೆನೆದು, ನನ್ನ ಯಂತ್ರದಲ್ಲಿ ತೊಳೆದು, ಬ್ಲೋವರಿನ ಗಾಳಿಗೆ ಒಣಗಿ, ದೀಪದಕ್ಕನ ಮುಂದೆ ಸಾಲು ಹಿಡಿದು ಹೋಗುತ್ತಿದ್ದವು. ನನ್ನ ಯಂತ್ರ ಎಂದೆ. ಯಂತ್ರ ಕಂಪನಿಯದು, ನಾನು ಅದರ ಫಿಟ್ಟರ್.

ದೀಪ ಅಂದರೆ ಒಂದು ಹಾಲುಬಣ್ಣದ ಹಲಗೆ, ಅದರ ಹಿಂದೆ ಟ್ಯೂಬ್‌ಲೈಟು. ಬಾಟಲಿಗಳು ಅದರ ಮುಂದೆ ಹಾಯುವಾಗ ಒಳಗಿನ ಕಸ, ಬಾಯಿಯ ಒಡಕು, ಕೂದಲೆಳೆಯಷ್ಟು ಬಿರುಕು ಎಲ್ಲ ಕಾಣಬೇಕು. ಇಪ್ಪತ್ತು ನಿಮಿಷ ನೋಡಬೇಕು, ಇಪ್ಪತ್ತು ನಿಮಿಷ ಕಣ್ಣಿಗೆ ವಿಶ್ರಾಂತಿ ಕೊಡಬೇಕು. ಆ ಬೆಂಚಿನಲ್ಲಿ ನಾಲ್ಕು ಜನ ಹೆಂಗಸರು. ಉಳಿದ ಮೂವರು ಬದಲಾಗುತ್ತಲೇ ಇದ್ದರು. ದೀಪದಕ್ಕ ಮಾತ್ರ ಇಪ್ಪತ್ತಾರು ವರ್ಷ ಅದೇ ಸ್ಟೂಲಿನ ಮೇಲೆ ಕೂತರು.

ಬಾಟಲಿಯ ವಯಸ್ಸನ್ನು ಅವರು ಮೈ ನೋಡಿ ಹೇಳುತ್ತಿದ್ದರು. ಸಾಲಿನಲ್ಲಿ ಹೋಗುವಾಗ ಬಾಟಲಿಗೆ ಬಾಟಲಿ ಉಜ್ಜಿ, ಭುಜದ ಹತ್ತಿರ ಒಂದು, ಬುಡದ ಹತ್ತಿರ ಒಂದು ಬಿಳಿಯ ಗೆರೆ ಬೀಳುತ್ತದೆ. ಬೆಂಚಿನ ಹೆಂಗಸರು ಅದಕ್ಕೆ ಬಳೆ ಅನ್ನುತ್ತಿದ್ದರು. ಹೊಸ ಬಾಟಲಿಗೆ ಬಳೆ ಇರುವುದಿಲ್ಲ. ಹತ್ತು ಸಲ ಊರು ಸುತ್ತಿ ಬಂದದ್ದಕ್ಕೆ ದಾರದಷ್ಟು ಸಣ್ಣ ಬಳೆ. ಮೂವತ್ತು ಸಲ ಸುತ್ತಿದ್ದಕ್ಕೆ ಕಿರುಬೆರಳಿನಷ್ಟು ಅಗಲ. ಬಳೆ ಕಿರುಬೆರಳು ದಾಟಿತೆಂದರೆ ಗಾಜು ದಣಿದಿದೆ, ಒಳಗಿನ ಒತ್ತಡ ತಡೆಯುವುದಿಲ್ಲ, ತೆಗೆದು ಹಾಕಬೇಕು. ಇದು ಬೆಂಚಿನ ಕಾನೂನು. ಎಂಜಿನಿಯರುಗಳ ಪುಸ್ತಕದಲ್ಲಿ ಇದನ್ನೇ ಮಿಲಿಮೀಟರಿನಲ್ಲಿ ಬರೆದಿದ್ದರಂತೆ. ನಮ್ಮವರಿಗೆ ಕಿರುಬೆರಳು ಸಾಕಾಗಿತ್ತು.

ಕೆಲಸದ ಚಟ ಮನೆಗೂ ಬಂದಿತ್ತು. ನೆಂಟರ ಮನೆಯಲ್ಲಿ ನೀರು ಕೊಟ್ಟರೆ ದೀಪದಕ್ಕ ಲೋಟವನ್ನು ಬೆಳಕಿಗೆ ಎತ್ತಿ ಹಿಡಿದು ತಿರುಗಿಸಿ ನೋಡಿ ಆಮೇಲೆ ಕುಡಿಯುತ್ತಿದ್ದರು. ಮಗನಿಗೆ ಹೆಣ್ಣು ನೋಡಲು ಹೋದ ಮನೆಯಲ್ಲೂ ಹಾಗೇ ಮಾಡಿದ್ದಕ್ಕೆ ಹುಡುಗಿಯ ತಾಯಿ ಒಳಗೆ ಹೋಗಿ ಲೋಟಗಳನ್ನೆಲ್ಲ ಮತ್ತೆ ತೊಳೆಸಿದಳಂತೆ. ಸಂಬಂಧ ಕೂಡಿಬಂತು. ಸೊಸೆ ಈಗಲೂ ಅದನ್ನು ಹೇಳಿ ನಗುತ್ತಾಳೆ. ಇನ್ನು ಬೀದಿಯ ಅಂಗಡಿಯವರು ನಮ್ಮ ಬಾಟಲಿಯಲ್ಲಿ ಬಣ್ಣದ ಎಣ್ಣೆ ಇಟ್ಟಿದ್ದು ಕಣ್ಣಿಗೆ ಬಿದ್ದರೆ ಅವರ ಬೆವರಿಳಿಸುತ್ತಿದ್ದರು. "ನೀವು ದುಡ್ಡು ಕೊಟ್ಟಿದ್ದು ಒಳಗಿದ್ದಿದ್ದಕ್ಕೆ. ಬಾಟಲಿ ನಮ್ದು. ಇವತ್ತು ಸಂಜೆ ಲಾರಿಗೆ ಹಾಕಿ" ಅನ್ನುತ್ತಿದ್ದರು. ಕಂಪನಿಯ ಮಾಲೀಕರಿಗೂ ಬಾಟಲಿ ಮೇಲೆ ಅಷ್ಟು ಹಕ್ಕಿದ್ದಂತೆ ನಾನು ಕಾಣೆ.

ಗಂಡ ಲಾರಿಗೆ ಸರಕು ಏರಿಸುವವನು. ಮಗ ನಾಲ್ಕು ವರ್ಷದವನಿದ್ದಾಗ ಯಾವುದೋ ಲಾರಿ ಹತ್ತಿ ಹೋದವನು ಇಳಿದು ಬರಲೇ ಇಲ್ಲ. ದೀಪದಕ್ಕ ಅದನ್ನೂ ನಗುತ್ತಲೇ ಹೇಳುತ್ತಿದ್ದರು: "ಹೋದ ಬಾಟಲಿ ನೂರಕ್ಕೆ ತೊಂಬತ್ತಾರು ವಾಪಸ್ ಬರುತ್ತೆ ತಮ್ಮಾ. ಇವ್ನು ಆ ನಾಲ್ಕರಲ್ಲಿ ಸೇರಿಕೊಂಡ." ಹೇಳಿ ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದರು. ಒಂದೇ ಕೋಣೆಯ ಮನೆಯಲ್ಲಿ ಮಗನನ್ನು ಬೆಳೆಸಿ, ಕಿಟಕಿ ಬಾಗಿಲಿನ ಕೆಲಸ ಕಲಿಸಿ, ಮದುವೆ ಮಾಡಿದರು.

ನನ್ನ ಹೆಂಡತಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಕೊಡಿಸಿದವರೂ ಅವರೇ. ಅವಳದು ಪ್ಯಾಕಿಂಗ್ ಮೇಜು. ತುಂಬಿ ಮುಚ್ಚಳ ಬಿದ್ದು ಬಂದ ಬಾಟಲಿಗಳನ್ನು ಒಂದೊಂದು ಕೈಯಲ್ಲಿ ಎರಡೆರಡರಂತೆ ಕತ್ತು ಹಿಡಿದೆತ್ತಿ ಕ್ರೇಟಿಗೆ ಇಳಿಸಬೇಕು. ಮಧ್ಯಾಹ್ನ ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದರು. ನನ್ನ ಬಗ್ಗೆ ನನ್ನ ಹೆಂಡತಿಗೆ ಇದ್ದ ದೂರುಗಳೆಲ್ಲ ನನಗಿಂತ ಮೊದಲು ದೀಪದಕ್ಕನಿಗೆ ತಲುಪುತ್ತಿದ್ದವು. ಅವಳಿಗೆ ಒಡಹುಟ್ಟಿದವರಿರಲಿಲ್ಲ. "ನನಗೂ ಒಬ್ಬ ಅಕ್ಕ ಸಿಕ್ಕಿದ್ರು" ಎಂದು ಒಂದು ಸಲ ಹೇಳಿದ್ದಳು.

ಹೀಗಿರುವಾಗ ಪ್ಲಾಸ್ಟಿಕ್ ಬಾಟಲಿಯ ಮಾತು ಶುರುವಾಯಿತು. ಮ್ಯಾನೇಜರ್ ಕೆಟ್ಟವರೇನಲ್ಲ. ಲೆಕ್ಕದ ಮನುಷ್ಯ. ಒಂದು ದಿನ ಅವರ ಕೋಣೆಯ ಫ್ಯಾನ್ ರಿಪೇರಿ ಮಾಡುತ್ತ ನಾನು ಏಣಿಯ ಮೇಲಿದ್ದೆ. ಕೆಳಗೆ ಅವರು ಫೋನಿನಲ್ಲಿ ಹೆಡ್ ಆಫೀಸಿನವರಿಗೆ ಹೇಳುತ್ತಿದ್ದರು: ಗಾಜು ತೊಳೆಯಲು ಇಷ್ಟು ನೀರು, ಹೊರಲು ಇಷ್ಟು ಡೀಸೆಲ್, ಆದರೆ ಒಂದೇ ಬಾಟಲಿ ಮೂವತ್ತು ಸಲ ಬರುತ್ತದೆ, ಕಸ ಹೊರಗೆ ಬೀಳುವುದಿಲ್ಲ, ಅದನ್ನೂ ಎಣಿಸಿ ಎಂದು. ಅವರು ಗಾಜಿನ ಪರವಾಗಿಯೇ ವಾದ ಮಾಡುತ್ತಿದ್ದರು ಎಂದು ನನಗೆ ಆಗಲೇ ತಿಳಿದದ್ದು. ಕೊನೆಗೆ ಹೆಡ್ ಆಫೀಸು ಒಂದು ಗೆರೆ ಎಳೆಯಿತು. ಮೂರು ತಿಂಗಳು ನೋಡುತ್ತೇವೆ, ತೆಗೆದುಹಾಕುವ ಬಾಟಲಿ ನೂರಕ್ಕೆ ಎರಡರ ಒಳಗಿದ್ದರೆ ಗಾಜು ಉಳಿಯುತ್ತದೆ, ಮೀರಿದರೆ ಪ್ಲಾಸ್ಟಿಕ್. ಮ್ಯಾನೇಜರ್ ಈ ಅಂಕಿಯನ್ನು ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ಕೈಯಾಡಿಸುತ್ತಾರೆಂದು ಅವರಿಗೆ ಗೊತ್ತಿತ್ತು.

ಹೇಳಿದವನು ನಾನು. ಏಣಿ ಇಳಿದವನೇ ಸೀದಾ ಬೆಂಚಿಗೆ ಹೋಗಿ, ದೀಪದಕ್ಕನನ್ನು ಪಕ್ಕಕ್ಕೆ ಕರೆದು, ಉಪ್ಪು ಖಾರ ಹಚ್ಚಿ ಹೇಳಿದೆ.

ದೀಪದಕ್ಕನ ಮುಖ ಇಳಿದುಹೋಯಿತು. ಆರು ವರ್ಷದಿಂದ ಕಂಪನಿ ಒಂದೇ ಒಂದು ಹೊಸ ಬಾಟಲಿ ತಂದಿರಲಿಲ್ಲ. ಇದ್ದವೇ ಸುತ್ತಿ ಸುತ್ತಿ ಮುದಿಯಾಗುತ್ತಿದ್ದವು. ಆಗಲೇ ನೂರಕ್ಕೆ ಐದು ತೆಗೆಯುತ್ತಿದ್ದರು. "ಎರಡಕ್ಕೆ ಹೇಗೆ ಇಳಿಸೋದು ತಮ್ಮಾ? ಕಣ್ಣಿಗೆ ಕಾಣೋದನ್ನ ಕಂಡಿಲ್ಲ ಅನ್ನೋಕಾಗುತ್ತಾ?" ಎಂದರು.

"ಕಾಣದ ಹಾಗೆ ಮಾಡಿದ್ರೆ?" ಎಂದೆ.

ಈ ಕೆಲಸದಲ್ಲಿರುವವರಿಗೆ ಮಾತ್ರ ಹೊಳೆಯುವ ಉಪಾಯ ಅದು. ಒದ್ದೆ ಬಾಟಲಿಯಲ್ಲಿ ಬಳೆ ಕಾಣುವುದಿಲ್ಲ. ಉಜ್ಜಿದ ಗೆರೆಯೊಳಗೆ ನೀರು ಕೂತರೆ ಗಾಜು ಹೊಸದರಂತೆ ಹೊಳೆಯುತ್ತದೆ. ಒಣಗಿದಾಗಲೇ ಬಿಳಿ ಏಳುವುದು. ಅದಕ್ಕೇ ದೀಪಕ್ಕೆ ಮುಂಚೆ ಬ್ಲೋವರ್ ಇಟ್ಟಿದ್ದು. ನಾನು ಅದರ ಬೆಲ್ಟ್ ಬಿಚ್ಚಿ ಕಪಾಟಿನಲ್ಲಿಟ್ಟೆ. ಮೋಟಾರು ಮಾತ್ರ ಸದ್ದು ಮಾಡಿಕೊಂಡು ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ದೀಪದಕ್ಕ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ಅವರೇ ಬಂದು, "ಬಿರುಕು, ಒಡಕು ಒದ್ದೆಯಲ್ಲೂ ಕಾಣುತ್ತೆ. ಅದನ್ನ ನಾನು ಬಿಡೋದಿಲ್ಲ. ಬಳೆ ಒಂದು ತಾನೇ. ಮೂರೇ ತಿಂಗಳು" ಎಂದರು. ನನಗೆ ಹೇಳಿದ್ದಕ್ಕಿಂತ ತಮಗೇ ಹೇಳಿಕೊಂಡಂತಿತ್ತು.

ಆ ದಿನಗಳಲ್ಲಿ ಅವರು ಇಪ್ಪತ್ತು ನಿಮಿಷದ ವಿಶ್ರಾಂತಿಯನ್ನೂ ಬಿಟ್ಟು ಕಣ್ಣಲ್ಲಿ ಕಣ್ಣಿಟ್ಟು ಕೂತರು. ಬಳೆ ಬಿಟ್ಟದ್ದಕ್ಕೆ ಬಿರುಕಿನಲ್ಲಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರೋ ಏನೋ. ಕಣ್ಣು ಕೆಂಪಾಗಿ ನೀರು ಸೋರುತ್ತಿತ್ತು. ಅಂಕಿ ಎರಡಕ್ಕೆ ಇಳಿಯಿತು. ಮ್ಯಾನೇಜರ್ ಬೆಂಚಿನ ಹತ್ತಿರ ಬಂದು ಎಲ್ಲರಿಗೂ ಕೈಮುಗಿದು ಹೋದರು. ಗೆದ್ದೆವೆಂದು ನಾನು ಬೀಗಿದೆ. ಹತ್ತು ವಾರ ಕಳೆದಿತ್ತು, ಇನ್ನು ಮೂರು ವಾರ ಬಾಕಿ.

ಅವತ್ತು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಪ್ಯಾಕಿಂಗ್ ಮೇಜಿನ ಕಡೆಯಿಂದ ಸಣ್ಣ ಪಟಾಕಿ ಸಿಡಿದಂಥ ಸದ್ದು ಬಂತು. ಬಾಟಲಿ ಒಡೆಯುವುದು ನಮ್ಮಲ್ಲಿ ದಿನದ ಮಾತು, ಯಾರೂ ತಲೆಯೆತ್ತುವುದಿಲ್ಲ. ಆಮೇಲೆ ನನ್ನ ಹೆಂಡತಿಯ ಕೂಗು ಕೇಳಿತು. ಎತ್ತಿದ ಬಾಟಲಿ ಅವಳ ಬಲಗೈಯಲ್ಲೇ ಸಿಡಿದು, ಅಂಗೈಯನ್ನು ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಸೀಳಿತ್ತು. ನಾನು ಓಡಿ ಬರುವಷ್ಟರಲ್ಲಿ ದೀಪದಕ್ಕ ತಮ್ಮ ಸೆರಗನ್ನು ಹರಿದು ಕೈಗೆ ಬಿಗಿಯುತ್ತಿದ್ದರು. "ಗಾಡಿ ತರಿಸು" ಎಂದು ನನಗೆ ಕೂಗಿದರು. ಗಾಡಿ ಬಂತು. ಅವಳನ್ನು ತಬ್ಬಿಕೊಂಡು ಅವರೇ ಹತ್ತಿದರು.

ನಾನು ಹತ್ತಲಿಲ್ಲ. ನಾನು ಕಪಾಟಿನ ಕಡೆಗೆ ಹೋದೆ. ಬೆಲ್ಟ್ ತೆಗೆದು ಬ್ಲೋವರಿಗೆ ಹಾಕಿ, ಬೋಲ್ಟ್ ಬಿಗಿದು, ಗಾಳಿ ಬರುತ್ತಿದೆಯೇ ಎಂದು ಕೈಯೊಡ್ಡಿ ನೋಡಿದೆ. ಆಮೇಲೆ ಆಸ್ಪತ್ರೆಗೆ ಹೋದೆ. ಅಷ್ಟು ಹೊತ್ತಿಗೆ ಅವಳನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗಿನ ಬೆಂಚಿನ ಮೇಲೆ ದೀಪದಕ್ಕ ರಕ್ತದ ಸೀರೆಯಲ್ಲೇ ಕೂತಿದ್ದರು. ನನ್ನ ಕೈಗೆ ಅಂಟಿದ್ದ ಗ್ರೀಸನ್ನು ನೋಡಿದರು.

ಮೂರನೆಯ ದಿನ ವಿಚಾರಣೆ. ಮ್ಯಾನೇಜರ್ ಮೇಜಿನ ಮೇಲೆ ಬಿಳಿ ಕಾಗದ ಹಾಸಿ, ಒಡೆದ ಚೂರುಗಳನ್ನು ಜೋಡಿಸಿಟ್ಟಿದ್ದರು. ಚೂರು ಒಣಗಿತ್ತು. ಭುಜದ ಹತ್ತಿರ ಬಳೆ ಎರಡು ಬೆರಳು ಅಗಲ ಎದ್ದು ಕಾಣುತ್ತಿತ್ತು. ಹೆಡ್ ಆಫೀಸಿನಿಂದ ಬಂದಿದ್ದ ಅಧಿಕಾರಿ ಮೊದಲು ನನ್ನನ್ನು ಕೇಳಿದರು.

"ಬ್ಲೋವರ್ ಕೆಲಸ ಮಾಡ್ತಿತ್ತೇನ್ರೀ?"

"ಮಾಡ್ತಿತ್ತು ಸಾರ್."

ದೀಪದಕ್ಕ ಪಕ್ಕದಲ್ಲೇ ನಿಂತಿದ್ದರು. ನನ್ನನ್ನು ಒಂದು ಸಲ ನೋಡಿದರು. ಗಾಳಿ ಬರುತ್ತಿರಲಿಲ್ಲ, ಬಾಟಲಿ ಒದ್ದೆಯಿತ್ತು, ನನಗೆ ಕಾಣಲಿಲ್ಲ ಎಂದಿದ್ದರೆ ಅವರಿಗೆ ಅರ್ಧ ತಪ್ಪು, ನನಗೆ ಒಂದೂವರೆ. ಅಧಿಕಾರಿ ಅವರ ಕಡೆ ತಿರುಗಿ, "ಇಷ್ಟು ದೊಡ್ಡ ಗೆರೆ ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಎಂದರು.

"ಬಿತ್ತು. ನೋಡೇ ಬಿಟ್ಟೆ" ಎಂದರು ದೀಪದಕ್ಕ. "ಗಾಜು ಉಳೀಲಿ ಅಂತ ಬಿಟ್ಟೆ. ಬೆಂಚಿನಲ್ಲಿ ಬೇರೆಯವರಿಗೆ ಗೊತ್ತಿಲ್ಲ."

ಮ್ಯಾನೇಜರ್ ತಲೆಯ ಮೇಲೆ ಕೈಹೊತ್ತು ಕೂತರು. "ಹಳೇದು ಇಷ್ಟಿದೆ ಅಂತ ನನಗೆ ನಿಜ ಹೇಳಿದ್ರೆ ಹೊಸ ಬಾಟಲಿ ಕೇಳಿ ತರಿಸ್ತಿದ್ದೆನಲ್ಲಮ್ಮಾ" ಎಂದರು. ತರಿಸುತ್ತಿದ್ದರೋ ಇಲ್ಲವೋ, ಈಗ ಯಾರು ಹೇಳಬೇಕು. ದೀಪದಕ್ಕ ಮಾತ್ರ ಆ ಮಾತಿಗೆ ಮೊದಲ ಸಲ ಅತ್ತರು. ಅವತ್ತೇ ಅವರನ್ನು ಕೆಲಸದಿಂದ ತೆಗೆದರು.

ಹೊರಗಿನ ಓಣಿಯಲ್ಲಿ ನಾನು ಅವರ ಕಾಲು ಹಿಡಿಯಲು ಹೋದೆ. ತಡೆದರು. "ಅವಳ ಕೈಯಲ್ಲಿ ಇನ್ನು ಕೆಲಸ ಆಗಲ್ಲ. ಮನೇಲಿ ಒಬ್ರಾದ್ರೂ ದುಡೀಬೇಕಲ್ಲ, ಇಲ್ಲಿ ಬಾಯಿ ಮುಚ್ಕೊಂಡಿರು. ಆದ್ರೆ ತಮ್ಮಾ, ಅವಳಿಗೆ ಮಾತ್ರ ನಿಜ ಹೇಳು. ಅವಳೊಬ್ಬಳಿಗೆ ಹೇಳು, ಸಾಕು" ಎಂದರು.

"ಹೇಳ್ತೀನಿ ಅಕ್ಕ" ಎಂದೆ.

ಅದಾಗಿ ವಾರದೊಳಗೆ ಯಾರೋ ಆಸ್ಪತ್ರೆಗೆ ಬಂದು ನನ್ನ ಹೆಂಡತಿಗೆ ಎಲ್ಲ ಊದಿದ್ದರು. ನಾನು ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಕಾಣಲಿಲ್ಲ ಅಂದಿದ್ರೆ ಹೊಟ್ಟೆಗೆ ಹಾಕ್ಕೊಳ್ತಿದ್ದೆ. ನೋಡೇ ಬಿಟ್ರಂತೆ. ಅದು ನನ್ನ ಮೇಜಿಗೇ ಬರುತ್ತೆ ಅಂತ ಅವರಿಗೆ ಗೊತ್ತಿರಲಿಲ್ವಾ? ನನಗಿಂತ ಅವರಿಗೆ ಬಾಟಲಿ ಹೆಚ್ಚಾಯ್ತಾ?" ಎಂದಳು. ಮಾತು ನನ್ನ ನಾಲಿಗೆಯ ತುದಿಗೆ ಬಂತು. ಅವಳ ಕೈಯ ಕಟ್ಟು ನೋಡಿ ಮತ್ತೆ ಒಳಗೆ ಹೋಯಿತು. ಗಾಯ ಮಾಯಲಿ, ಆಮೇಲೆ ಹೇಳೋಣ ಅಂದುಕೊಂಡೆ. ಗಾಯ ಮಾಯಿತು. ನಡುವಿನ ಎರಡು ಬೆರಳು ಮಡಚದೆ ಹಾಗೇ ನಿಂತವು. ದೀಪದಕ್ಕ ಎರಡು ಸಲ ಮನೆಯ ಬಾಗಿಲಿಗೆ ಬಂದರು. ಎರಡು ಸಲವೂ ಅವಳು ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ನಾನು ನಡುಮನೆಯಲ್ಲಿ ನಿಂತಿದ್ದೆ. ಮೂರನೆಯ ಸಲ ಅವರು ಬರಲಿಲ್ಲ.

ಗಾಜು ಹೋಯಿತು, ಪ್ಲಾಸ್ಟಿಕ್ ಬಂತು. ತೊಳೆಯುವ ಯಂತ್ರವನ್ನು ಕಳಚಿ ಗುಜರಿಗೆ ಹಾಕಿದರು. ನನ್ನನ್ನು ಬೇರೆ ಯಂತ್ರಕ್ಕೆ ಹಾಕಿದರು. ಈಗ ಲಾರಿ ತುಂಬಿ ಹೋಗುತ್ತದೆ, ಖಾಲಿ ಬರುತ್ತದೆ. ಕಂಪನಿ ವರ್ಷಕ್ಕೊಂದು ಪುಸ್ತಕ ಅಚ್ಚು ಹಾಕಿಸುತ್ತದೆ, ಮೇಲೆ ಹಸಿರು ಎಲೆಯ ಚಿತ್ರ, ಒಳಗೆ ಎಷ್ಟು ನೀರು ಉಳಿಸಿದೆವು ಎಂಬ ಲೆಕ್ಕ. ನೀರು ಉಳಿದದ್ದು ನಿಜ. ಬಾಟಲಿ ಎಲ್ಲಿಗೆ ಹೋಯಿತು ಎಂಬ ಪುಟವನ್ನು ನಾನು ಹುಡುಕಿ ಹುಡುಕಿ ಸೋತೆ. ಅದು ಎಲ್ಲಿಗೆ ಹೋಯಿತೆಂದು ತಿಳಿಯಲು ಪುಸ್ತಕ ಬೇಕಾಗಿಲ್ಲ, ದೀಪದಕ್ಕನ ಬೀದಿಯ ಚರಂಡಿ ನೋಡಿದರೆ ಸಾಕು.

ದೀಪದಕ್ಕ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿ ತಟ್ಟೆ ಲೋಟ ತೊಳೆಯುವ ಕೆಲಸಕ್ಕೆ ಸೇರಿದರು. ಎರಡು ವರ್ಷದ ಮೇಲೆ ಒಂದು ಭಾನುವಾರ ಕಾರ್ಖಾನೆಯ ಗೇಟಿನಲ್ಲಿ ಕಂಡರು. ತಲೆಯ ಮೇಲೆ ದೊಡ್ಡ ಗೋಣಿಚೀಲ. ಚರಂಡಿಯಲ್ಲಿ ಬಿದ್ದಿದ್ದ ನಮ್ಮ ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ಆರಿಸಿ, ತೊಳೆದು, ತುಂಬಿಕೊಂಡು ಬಂದಿದ್ದರು.

"ನಿಮ್ಮ ಬಾಟಲಿ. ತಗೋ, ಒಳಗೆ ಇಡಿಸು" ಎಂದರು ಕಾವಲುಗಾರನಿಗೆ.

ಅವನು ಹಳಬ. ಪಾಪ, ಏನು ಮಾಡಿಯಾನು. "ಇದನ್ನ ವಾಪಸ್ ತಗೊಳ್ಳೋ ಪದ್ಧತಿ ಇಲ್ಲ ಅಕ್ಕ. ಗುಜರಿಯವರಿಗೆ ಕೊಡಿ" ಎಂದ.

"ಹೆಸರು ನಿಮ್ದೇ ಇದೆ ನೋಡು, ಮೇಲೆ ಬರೆದಿದೆ."

"ಇದೆ ಅಕ್ಕ. ಆದ್ರೂ ಇಲ್ಲ."

ಚೀಲವನ್ನು ಮತ್ತೆ ತಲೆಗೇರಿಸಿಕೊಂಡು ತಿರುಗಿದಾಗ ಎದುರಿಗೆ ನಾನು. ಕಣ್ಣು ಮಂಜಾಗಿತ್ತು, ನನ್ನನ್ನು ಗುರುತು ಹಿಡಿಯಲು ಹತ್ತಿರ ಬರಬೇಕಾಯಿತು. "ಅವಳು ಹೇಗಿದ್ದಾಳೆ? ಹೇಳಿದೆಯಾ?" ಎಂದರು.

"ಹೇಳ್ತೀನಿ ಅಕ್ಕ. ಸಮಯ ನೋಡಿ..."

"ಹ್ಞೂಂ" ಎಂದರು. ಬೈದಿದ್ದರೆ ನನಗೆ ಧೈರ್ಯ ಬರುತ್ತಿತ್ತೇನೋ. ಬೈಯಲಿಲ್ಲ. ಆಮೇಲೆ ಎಷ್ಟೋ ಸಲ ಬೀದಿಯಲ್ಲಿ ಸಿಕ್ಕರು, ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ಹೇಡಿಯಾದವನಿಗೆ ನೆವಕ್ಕೇನು ಬರ. ಮಗಳ ಪರೀಕ್ಷೆ ಮುಗಿಯಲಿ, ಮನೆ ಬದಲಾಯಿಸೋಣ, ಅವಳ ಜ್ವರ ಬಿಡಲಿ. ಪ್ರತಿ ಸಲವೂ ಮುಂದಕ್ಕೆ ಹಾಕಿದೆ. ಮುಂದಕ್ಕೆ ಹಾಕಿದಷ್ಟೂ ಹೇಳಬೇಕಾದ ತಪ್ಪು ಬೆಳೆಯುತ್ತಿತ್ತು. ಮೊದಲು ಬೆಲ್ಟಿನ ಕಥೆ ಮಾತ್ರ ಹೇಳಿದ್ದರೆ ಸಾಕಿತ್ತು. ಆಮೇಲೆ ಒಂದು ವರ್ಷ ಯಾಕೆ ಹೇಳಲಿಲ್ಲ ಎಂದೂ ಹೇಳಬೇಕು, ಮತ್ತೆ ಐದು ವರ್ಷ ಯಾಕೆ ಎಂದೂ. ನನ್ನ ಹೆಂಡತಿ ಎಡಗೈಯಲ್ಲಿ ತರಕಾರಿ ಹೆಚ್ಚುವುದನ್ನು ಕಲಿತಳು, ಎಡಗೈಯಲ್ಲಿ ಬರೆಯುವುದನ್ನು ಕಲಿತಳು. ಕೈ ನೋವು ಬಂದಾಗಲೆಲ್ಲ ದೀಪದಕ್ಕನನ್ನು ಶಪಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು ಎಣ್ಣೆ ಹಚ್ಚುತ್ತಿದ್ದೆ.

ಇಪ್ಪತ್ತು ದಿನದ ಹಿಂದೆ ಬೆಳಿಗ್ಗೆ ದೀಪದಕ್ಕನ ಮಗ ಫೋನ್ ಮಾಡಿದ. ನ್ಯುಮೋನಿಯಾ, ನಾಲ್ಕೇ ದಿನ. ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. "ಹೌದಾ" ಎಂದು ಮಡಚುವುದನ್ನು ಮುಂದುವರಿಸಿದಳು. ನಾನೊಬ್ಬನೇ ಹೋದೆ. ಅವರ ಮಗ ನನ್ನ ಕೈ ಹಿಡಿದುಕೊಂಡು, "ಅಮ್ಮ ಕೊನೆವರೆಗೂ ನಿಮ್ಮ ಮನೆಯವರನ್ನ ಕೇಳ್ತಿದ್ರು, ಒಂದ್ಸಲ ಬಂದು ಹೋಗ್ತಾಳೇನೋ ಅಂತ" ಎಂದ. ದೀಪದಕ್ಕನ ಮುಖವನ್ನು ಕೊನೆಯ ಸಲ ನೋಡಿ, ಸಂಸ್ಕಾರ ಮುಗಿಯುವವರೆಗೂ ನಿಂತು, ಮನೆಗೆ ಬಂದೆ.

ಅವಳು ಅಡುಗೆಮನೆಯಲ್ಲಿದ್ದಳು. ಕೈಕಾಲು ತೊಳೆಯುವ ಮೊದಲೇ, ಬಾಗಿಲಲ್ಲಿ ನಿಂತುಕೊಂಡೇ ಎಲ್ಲ ಹೇಳಿದೆ. ಏಣಿ, ಅಂಕಿ, ಬೆಲ್ಟ್. ಅವಳು ಗಾಡಿಯಲ್ಲಿ ಹೋದ ಮೇಲೆ ನಾನು ಮಾಡಿದ್ದು. ವಿಚಾರಣೆಯಲ್ಲಿ ನಾನು ಹೇಳಿದ್ದು, ಅದನ್ನು ಉಳಿಸಲು ಅಕ್ಕ ಹೇಳಿದ್ದು. ಅವಳೊಬ್ಬಳಿಗೆ ಹೇಳು ಎಂದು ಅವರು ಕೇಳಿಕೊಂಡದ್ದು. ಅವಳು ಒಲೆ ಆರಿಸಿದಳು. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದಳು. ಹಿಂದೆ ಹೋಗುವ ಧೈರ್ಯ ನನಗಾಗಲಿಲ್ಲ.

ದೀಪದಕ್ಕನ ಸೊಸೆಯ ಹತ್ತಿರ ಕೂತಿದ್ದು ಸಂಜೆ ವಾಪಸ್ ಬಂದಳು. ಕುರ್ಚಿಯ ಮೇಲೆ ಕೂತಳು. ಬೈಯುತ್ತಾಳೆ, ಮಗಳ ಮನೆಗೆ ಹೊರಟುಬಿಡುತ್ತಾಳೆ, ಏನಾದರೂ ಆಗಲಿ ಎಂದು ಕಾದು ನಿಂತಿದ್ದೆ. ಅವಳು ಮಾತಾಡಿದಳು. ದನಿಯಲ್ಲಿ ಸಿಟ್ಟು ಎಳ್ಳಷ್ಟೂ ಇರಲಿಲ್ಲ.

"ಬೆಳಿಗ್ಗೆ ನೀವು ಅವರು ಹೋದ್ರು ಅಂದ್ರಲ್ಲ, ಆಗ ನನಗೆ ಸಮಾಧಾನ ಆಯ್ತು. ಸ್ವಂತ ಅಕ್ಕನ ಥರ ನೋಡಿಕೊಂಡವರು ಸತ್ರೆ, ಸದ್ಯ ಸತ್ರು ಅಂತ ಸಮಾಧಾನ ಆಯ್ತು ನನಗೆ. ಅದನ್ನ ನಾನೀಗ ಏನು ಮಾಡ್ಲಿ, ನೀವೇ ಹೇಳಿ."

ಇಪ್ಪತ್ತು ದಿನವಾಯಿತು, ಅವಳು ಅದೇ ಪ್ರಶ್ನೆಯನ್ನು ಇನ್ನೂ ಕೇಳುತ್ತಿದ್ದಾಳೆ.